ಸಾಹೇಬರ ಮಗನ ಕ್ಯಾಸೆಟ್

ಸಾಹೇಬರು ಮೇಜಿನ ಮೇಲಿಂದ ಕ್ಯಾಸೆಟ್ಟೊಂದನ್ನು ಗುಮಾಸ್ತ ಚನ್ನಕೇಶವನತ್ತ ತಳ್ಳಿದರು.

"ನನ್ನ ಮಗ ವೆಂಕಟೇಶ ಕಾಲೇಜಲ್ಲಿ ರಾಕ್ ಬ್ಯಾಂಡ್ ಕಟ್ಟಿದಾನೆ ಕಣ್ರೀ. ಇದು ಅವರ ಮೊದಲನೇ ಆಲ್ಬಂ. ಬಯ್ಯಪ್ಪನವರ ವಾರಪತ್ರಿಕೇಲಿ ಸಂಗೀತ ವಿಮರ್ಶೆ ಬರೆಯೋರು ನೀವೇ ಅಲ್ವಾ? ನಿಮ್ಮ ಕೈಗೆ ಸಿಕ್ಕಿ ಉಳಿದೋರು ಯಾರೂ ಇಲ್ಲ ಅಂತಾರೆ. ಇವತ್ತಿನ ಸಂಚಿಕೆಗೇ ಬರೀರಿ. ಬ್ಯಾಂಡಿನವರ ಜತೆ ಅವನೂ ಊರಿಗೆ ಬಂದಿದಾನೆ, ಓದಲಿ. ಅವನ ಭವಿಷ್ಯ ನಿಮ್ಮ ಕೈಲಿದೆ" ಎಂದರು ಸಾಹೇಬರಾದ ಹನುಮಂತರಾಯಪ್ಪ.

ಚನ್ನಕೇಶವನ ಭವಿಷ್ಯವೂ ಅದೇ ಮೇಜಿನ ಮೇಲಿತ್ತು. ಹೆಂಡತಿ ಗೌರಿಬಿದನೂರಿನಲ್ಲಿ ಟೀಚರು, ಇವನು ಶಿಡ್ಲಘಟ್ಟದಲ್ಲಿ. ಮೂರು ವರ್ಷ ಕೈ ಸುಟ್ಟುಕೊಂಡು ಅಡುಗೆ ಮಾಡಿ ಸಾಕಾಗಿ ಹಾಕಿದ್ದ ವರ್ಗಾವಣೆ ಅರ್ಜಿ ಸಾಹೇಬರ ಸಹಿಗೆ ಕಾದಿತ್ತು.

ಮನೆಗೆ ಓಡಿದ. ಹನ್ನೆರಡಕ್ಕೆ ಪತ್ರಿಕೆ ಅಚ್ಚಿಗೆ ಹೋಗುತ್ತದೆ, ಆಗಲೇ ಹತ್ತೂವರೆ. ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ್ದೇ ತಡ, ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಅದರ ನಡುವೆ ಯಾರೋ ಹಲ್ಲು ಕೀಳಿಸಿಕೊಳ್ಳುವವರಂತೆ ಅರಚುತ್ತಿದ್ದರು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ವಿದ್ವಾಂಸರ ಮಾನ ಕಳೆಯುತ್ತಿದ್ದ ಮಹಾಶಯ ಕಣ್ಣು ಮುಚ್ಚಿ ಸಹಿಸಿಕೊಂಡ.

ಎರಡನೇ ಹಾಡಿಗೆ ಎದುರುಮನೆಯ ಮೆಕ್ಯಾನಿಕ್ ದಸ್ತಗಿರ್ ಸ್ಪ್ಯಾನರ್ ಹಿಡಿದು ನುಗ್ಗಿದ.

"ಮೋಟ್ರು ಬೇರಿಂಗ್ ಹೋಗಿದೆ ಸಾಬ್! ಮೊದ್ಲು ಸ್ವಿಚ್ ಆಫ್ ಮಾಡಿ, ಸುಟ್ಟೋಗ್ತದೆ!"

"ಮೋಟ್ರಲ್ಲಪ್ಪ, ಹಾಡು."

ದಸ್ತಗಿರ್ ಕತ್ತು ವಾಲಿಸಿ ಗಮನವಿಟ್ಟು ಕೇಳಿದ. "ಇಲ್ಲ ಸಾಬ್, ಬೇರಿಂಗೇ."

ಅವನ ಹಿಂದೆಯೇ ರೇಷ್ಮೆ ಹುಳು ಸಾಕುವ ಪಕ್ಕದ ಮನೆಯ ಓಬಳಮ್ಮ ಬಂದಳು. "ಅಯ್ಯೋ ದೇವುಡಾ! ಹುಳ ನಾಲ್ಕನೇ ಜ್ವರಕ್ಕೆ ಕೂತವೆ ಕಣಪ್ಪ! ಮೇವು ಬಿಟ್ಟು ಪೊರೆ ಕಳಚೋ ಹೊತ್ತು. ಈ ಗಲಾಟೆಗೆ ಎಲ್ಲಾ ತಲೆ ಎತ್ಕೊಂಡು ನೋಡ್ತಾವೆ. ನಿಲ್ಸಪ್ಪ!"

ಗಂಟೆ ಹನ್ನೊಂದೂಕಾಲು. ಕಾಗದದ ಮೇಲೆ ಒಂದಕ್ಷರವಿಲ್ಲ. ನಿಜ ಬರೆದರೆ ಗೌರಿಬಿದನೂರು ಕೈತಪ್ಪುತ್ತದೆ; ಸುಳ್ಳು ಬರೆಯಲು ಪೆನ್ನು ಏಳದು. ಬೆವರೊರೆಸಿಕೊಳ್ಳುತ್ತ ಇಬ್ಬರ ಮುಖವನ್ನೂ ನೋಡಿದವನಿಗೆ ಥಟ್ಟನೆ ದಾರಿ ಹೊಳೆಯಿತು.

'ನುರಿತ ಮೆಕ್ಯಾನಿಕ್ ಕೂಡ ಕೆಲಸ ಬಿಟ್ಟು ಓಡಿಬರುವಂಥ ಸಂಗೀತವಿದು. ಜ್ವರಕ್ಕೆ ಕೂತ ಜೀವಗಳೂ ತಲೆಯೆತ್ತಿ ಕೇಳುತ್ತವೆ. ವೆಂಕಟೇಶ ಬೇರೆಲ್ಲವನ್ನೂ ಬಿಟ್ಟು ಈ ಹಾದಿಯಲ್ಲೇ ಮುಂದುವರಿಯಲಿ' ಎಂದು ಬರೆದ. ಕೊನೆಯ ಸಾಲು ಮಾತ್ರ ಸಾಹೇಬರ ಸಂತೋಷಕ್ಕೆ ಸೇರಿಸಿದ್ದು.

ನಾಲ್ಕಕ್ಕೆ ಪತ್ರಿಕೆ ಹೊರಬಂತು. ಐದಕ್ಕೆ ಸಾಹೇಬರ ಕರೆ ಬಂತು. ಚನ್ನಕೇಶವ ಅಂಗಿ ಸರಿಮಾಡಿಕೊಂಡು, ಹೊಗಳಿಸಿಕೊಳ್ಳಲು ಸಿದ್ಧನಾಗಿ ಒಳಗೆ ಹೋದ.

"ಏನ್ರೀ ಮಾಡಿಬಿಟ್ರಿ?" ಸಾಹೇಬರು ಪತ್ರಿಕೆಯನ್ನು ಮೇಜಿಗೆ ಬಡಿದರು. "ಇಂಜಿನಿಯರಿಂಗ್ ಓದೋದು ಬಿಟ್ಟು ಗಿಟಾರ್ ಹಿಡಿದಿದಾನೆ ಅಂತ ಅವನಮ್ಮ ಆರು ತಿಂಗಳಿಂದ ಅಳ್ತಿದಾಳೆ. ಎಂಥೆಂಥ ವಿದ್ವಾಂಸರಿಗೇ ಉಗಿಯೋ ಮನುಷ್ಯ, ಇವನಿಗೂ ನಾಲ್ಕು ಉಗಿದ್ರೆ ಬುದ್ಧಿ ಬರ್ತದೆ ಅಂತ ನಿಮ್ಮ ಕೈಗೆ ಕೊಟ್ರೆ! ಇದನ್ನ ಓದಿದವನೇ ಪುಸ್ತಕ ಎಲ್ಲಾ ಗುಜರಿಗೆ ಹಾಕಿ ಬಂದ!"

ಚನ್ನಕೇಶವ ಮೇಜಿನ ಮೇಲಿದ್ದ ಅರ್ಜಿಯತ್ತ ಕೈ ತೋರಿಸಿದ. "ಸಾರ್... ನನ್ನ ಗೌರಿಬಿದನೂರು..."

"ಎಲ್ಲಿಗ್ರೀ ಹೋಗ್ತೀರಿ? ಪ್ರಪಂಚದಲ್ಲಿ ಅವನ ಸಂಗೀತ ಅರ್ಥವಾಗಿರೋದು ನಿಮಗೊಬ್ಬರಿಗೇ ಅಂತೆ. ಪ್ರಾಕ್ಟೀಸ್ ಮಾಡೋಕೆ ನನ್ನ ಮನೇಲಿ ಜಾಗ ಇಲ್ಲ ಅಂದೆ. ಬ್ಯಾಂಡಿನ ಐದೂ ಜನ ಡ್ರಮ್ಮು ಹೊತ್ಕೊಂಡು ಈಗ್ತಾನೆ ನಿಮ್ಮ ಮನೆ ಕಡೆ ಹೋದ್ರು."