ನನ್ನ ಹೆಬ್ಬೆರಳಿನ ನೇರ ಪ್ರಸಾರ

ಹನ್ನೊಂದು ವರ್ಷಗಳಿಂದ ನಾನು ಟೀವಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಇದುವರೆಗೆ ಒಂದು ನರಪಿಳ್ಳೆಯೂ ನನ್ನನ್ನು ಟೀವಿಯಲ್ಲಿ ನೋಡಿಲ್ಲ.

ನೀವು ಕಾರ್ ರೇಸ್ ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ದೂರದಲ್ಲೆಲ್ಲೋ ಕಾರುಗಳು ಓಡುತ್ತಿರುತ್ತವೆ, ಇದ್ದಕ್ಕಿದ್ದಂತೆ ನೀವೇ ಕಾರಿನೊಳಗೆ ಕೂತ ಹಾಗೆ ರಸ್ತೆಗೆ ರಸ್ತೆಯೇ ಮೈಮೇಲೆ ನುಗ್ಗಿ ಬರುತ್ತದೆ. ನೀವು ಸೋಫಾದ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತೀರಿ. ಕೆಲವರು ಇಲ್ಲದ ಬ್ರೇಕನ್ನೂ ತುಳಿಯುತ್ತಾರೆ. ಆ ಚಿತ್ರ ಬರುವುದು ಡ್ರೈವರನ ತಲೆಯ ಮೇಲ್ಗಡೆ ಕೂರಿಸಿದ, ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾದಿಂದ. ಅದನ್ನು ಅಲ್ಲಿ ಕೂರಿಸಿ, ಒರೆಸಿ, ತಿರುಪು ಬಿಗಿದು, ಇಡೀ ಪ್ರಪಂಚಕ್ಕೆ ಆ ದರ್ಶನಭಾಗ್ಯವನ್ನು ಕರುಣಿಸುವವನು ಸಾಕ್ಷಾತ್ ನಾನು. (ಡ್ರೈವರನಿಗೂ ಸ್ವಲ್ಪ ಪಾಲಿದೆ, ಇಲ್ಲ ಎನ್ನುವುದಿಲ್ಲ.)

ಇನ್ನೊಂದು ಗುಟ್ಟು ಹೇಳುತ್ತೇನೆ. ಮುಂದಿನ ಕಾರು ಉಗುಳುವ ಎಣ್ಣೆ, ಧೂಳು, ಆಯಸ್ಸು ಮುಗಿದು ಅಡ್ಡ ಬಂದ ಹುಳು, ಎಲ್ಲ ಬಂದು ಅಪ್ಪಳಿಸುವುದು ನನ್ನ ಕ್ಯಾಮೆರಾಕ್ಕೇ. ಆದರೂ ಚಿತ್ರ ಹೇಗೆ ಫಳಫಳ ಹೊಳೆಯುತ್ತದೆ? ಕ್ಯಾಮೆರಾದ ಗಾಜಿನ ಮುಂದೆ ಒಂದು ತೆಳು ಪಾರದರ್ಶಕ ಪ್ಲಾಸ್ಟಿಕ್ಕಿನ ಸುರುಳಿ ಇರುತ್ತದೆ. ಕೊಳೆ ಅಂಟುವುದು ಅದಕ್ಕೆ. ಟ್ರ್ಯಾಕಿನ ಪಕ್ಕದ ದೊಡ್ಡ ಟ್ರಕ್ಕಿನಲ್ಲಿ, ಅರವತ್ತು ಪರದೆಗಳ ಮುಂದೆ ಕೂತ ನಮ್ಮ ಡೈರೆಕ್ಟರ್ ಮೇಡಂ ಒಂದು ಗುಂಡಿ ಒತ್ತಿಸುತ್ತಾರೆ. ಕಾರಿನಲ್ಲಿರುವ ಪುಟ್ಟ ಮೋಟಾರು ಕೊಳೆಯಾದ ತುಂಡನ್ನು ಸುತ್ತಿಕೊಂಡು ಹೊಸ ತುಂಡನ್ನು ಗಾಜಿನ ಮುಂದೆ ಎಳೆಯುತ್ತದೆ. ಮುನ್ನೂರು ಕಿಲೋಮೀಟರ್ ವೇಗದಲ್ಲಿ ಮುಖ ತೊಳೆದುಕೊಳ್ಳುವ ಕ್ಯಾಮೆರಾ ಅದು! ನನ್ನ ಹೆಂಡತಿಗೆ ಇದನ್ನು ನೂರು ಸಲ ವಿವರಿಸಿದ್ದೇನೆ. ನೂರನೆಯ ಸಲವೂ ಅವಳು, "ಕಾರಿಗೆ ಹೋಗಿ ಗಾಜು ಒರೆಸ್ತೀರಿ, ಮನೆ ಕಿಟಕಿ ಒರೆಸೋಕೇನು ಬಂದಿದೆ ದೊಡ್ಡ ರೋಗ?" ಎಂದೇ ಕೇಳಿದಳು.

ಹೆಂಡತಿಯದು ಬಿಡಿ. ನನ್ನ ನಿಜವಾದ ತಲೆನೋವು ಅಮ್ಮನದು.

ಅಮ್ಮ ಇಡೀ ಬೀದಿಗೆ "ನನ್ನ ಮಗ ಟೀವಿಯಲ್ಲಿ ರೇಸ್ ನಡೆಸ್ತಾನೆ" ಎಂದು ಹೇಳಿಟ್ಟಿದ್ದಳು. ಬೀದಿ ನಂಬಿತ್ತು, ಎದುರು ಮನೆಯ ಗಣಿತದ ಮೇಷ್ಟ್ರೊಬ್ಬರನ್ನು ಬಿಟ್ಟು. ನಿವೃತ್ತರಾದರೂ ಅವರಿಗೆ ಸಾಧಿಸಿ ತೋರಿಸದ ಯಾವುದೂ ಗಂಟಲಲ್ಲಿ ಇಳಿಯುವುದಿಲ್ಲ.

"ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಕಾಣಿಸಲಿಲ್ವಲ್ಲಮ್ಮಾ," ಎಂದರಂತೆ ಅವರು. "ಪಾಪ, ಅಲ್ಲಿ ಗೇಟು ಕಾಯ್ತಿರಬಹುದು. ಮನೇಲಿ ಹೇಳ್ಕೊಳ್ಳೋಕೆ ಸಂಕೋಚ ಇರುತ್ತೆ."

ಅಮ್ಮ ಅವತ್ತು ಊಟ ಬಿಟ್ಟಳು. ಎಪ್ಪತ್ತೆರಡು ವರ್ಷದ ನನ್ನಮ್ಮ ಮುಖ ಗೋಡೆಗೆ ತಿರುಗಿಸಿ ಮಲಗಿದ್ದು ನೋಡಿ ನನಗೆ ಕರುಳು ಚುರುಕ್ಕೆಂದಿತು.

"ನಾನು ಕಾಣಿಸಿದ್ರೆ ಕೆಲಸ ಕೆಟ್ಟಿದೆ ಅಂತ ಅರ್ಥ ಕಣಮ್ಮ. ಕಾಣಿಸದೇ ಇರೋದೇ ನನ್ನ ಹೆಚ್ಚುಗಾರಿಕೆ."

"ನಿನ್ನ ಹೆಚ್ಚುಗಾರಿಕೆ ನೀನೇ ಇಟ್ಕೊ. ನಂಗೆ ಮೇಷ್ಟ್ರ ಮುಂದೆ ತಲೆ ಎತ್ಕೊಂಡು ಓಡಾಡ್ಬೇಕು. ಮೂರು ಸೆಕೆಂಡ್ ಮುಖ ತೋರ್ಸು ಸಾಕು."

ಮರುದಿನ ಡೈರೆಕ್ಟರ್ ಮೇಡಂ ಮುಂದೆ ಹಲ್ಲು ಗಿಂಜಿದೆ. ಹನ್ನೊಂದು ವರ್ಷದಲ್ಲಿ ನಾನು ಕೇಳಿದ ಮೊದಲ ಉಪಕಾರ ಅದು. ಅವರು ಕರಗಿದರು. "ರೇಸ್ ಶುರುವಾಗೋ ಮುಂಚೆ ಎಲ್ಲ ಕಾರಿನ ಕ್ಯಾಮೆರಾನೂ ಒಂದೊಂದು ಸಲ ತೋರಿಸ್ತೀವಲ್ಲ, ಆಗ ನೀವು ಏಳನೇ ನಂಬರ್ ಕಾರಿನ ಮುಂದೆ ಬಗ್ಗಿ ನಿಂತಿರಿ. 'ಈಗ' ಅಂತೀನಿ. ಮೂರೇ ಸೆಕೆಂಡ್!"

ಮನೆಯಲ್ಲಿ ಸಂಭ್ರಮ ಶುರುವಾಯಿತು. ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದಳು, ಮೇಷ್ಟ್ರಿಗೆ ಎರಡೆರಡು ಸಲ ಹೇಳಿದಳು. ಹೊರಡುವಾಗ ಹೆಂಡತಿ ನನ್ನ ಜೇಬಿಗೆ ಒಂದು ಪುಟ್ಟ ಕ್ರೀಮಿನ ಟ್ಯೂಬು ತುರುಕಿದಳು.

"ಮುಖ ಬಿಸಿಲಿಗೆ ಬಾಣಲೆ ತಳದ ಹಾಗೆ ಹೊಳೆಯುತ್ತೆ ರೀ. ಟೀವಿಗೆ ಬರೋ ಮುಂಚೆ ಒಂಚೂರು ಹಚ್ಕೊಳ್ಳಿ. ನಿಮಗಲ್ಲದಿದ್ರೂ ನನಗೆ ಮಾನ ಇದೆ."

ರೇಸಿನ ದಿನ ಬಂತು. ಕಾರುಗಳು ಸಾಲಾಗಿ ನಿಂತಿವೆ. ಏಳನೇ ನಂಬರಿನದು ಮೊದಲ ಸಾಲಿನಲ್ಲಿದೆ. ನಾನು ಗಾಜು ಒರೆಸಿದೆ. ಪ್ಲಾಸ್ಟಿಕ್ ಸುರುಳಿ ಅಡ್ಡ ಬಂದರೆ ನನ್ನ ಮುಖಕಾಂತಿ ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಗಬಹುದೆಂದು ಅದನ್ನು ಆಮೇಲೆ ಹಾಕೋಣವೆಂದುಕೊಂಡೆ. (ನನ್ನ ಹನ್ನೊಂದು ವರ್ಷದ ವೃತ್ತಿಯಲ್ಲಿ ಇಂಥ ಯೋಚನೆ ಬಂದದ್ದು ಇದೇ ಮೊದಲು. ಮುಖಕ್ಕೆ ಬೆಲೆ ಬಂದೊಡನೆ ಬುದ್ಧಿಗೆ ಬೆಲೆ ಇಳಿದಿತ್ತು.) ಟ್ಯೂಬು ಹಿಂಡಿ ಮುಖಕ್ಕೆ ಕ್ರೀಮ್ ಬಳಿದುಕೊಂಡೆ.

ಕಾರಿನೊಳಗೆ ಹೆಲ್ಮೆಟ್ ಹಾಕಿ ಕೂತಿದ್ದ ಡ್ರೈವರ್ ಕೆಳಗಿನಿಂದ ಕೇಳಿದ, "ಏನಣ್ಣಾ, ರೇಸ್ ನನ್ನದೋ ನಿನ್ನದೋ?"

"ಸುಮ್ನೆ ಕೂತ್ಕೊಳಪ್ಪ, ನಮ್ಮಮ್ಮ ನೋಡ್ತಿದ್ದಾಳೆ," ಎಂದೆ.

ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಮೇಡಂ ದನಿ ಕೇಳಿತು: "ಈಗ!"

ನಾನು ಕ್ಯಾಮೆರಾವನ್ನು ಕೂದಲೆಳೆಯಷ್ಟು ನನ್ನ ಕಡೆ ಎತ್ತಿ, ಬೆರಳಲ್ಲೇ ಒತ್ತಿ ಹಿಡಿದು, ಜನ್ಮದಲ್ಲಿ ನಗದಷ್ಟು ನಕ್ಕೆ. ಒಂದು, ಎರಡು, ಮೂರು. ಅಷ್ಟರಲ್ಲಿ ಸೈರನ್ ಕೂಗಿತು. ಎಲ್ಲರೂ ಟ್ರ್ಯಾಕ್ ಬಿಡಬೇಕು. ನಾನು ಕ್ಯಾಮೆರಾ ನೇರ ಮಾಡಿ, ಸುರುಳಿಯ ಡಬ್ಬಿ ಅದರ ಮುಂದೆ ಕೂರಿಸಿ, ತಿರುಪು ಬಿಗಿದು ಓಡಿದೆ. ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ಮೊದಲ ಸುತ್ತಿನಲ್ಲೇ ಏಳನೇ ನಂಬರ್ ಎಲ್ಲರಿಗಿಂತ ಮುಂದೆ ಹೋಯಿತು. ಮೇಡಂ ಅದರ ಕ್ಯಾಮೆರಾಕ್ಕೆ ಚಿತ್ರ ಬದಲಿಸಿದರು. ಟ್ರ್ಯಾಕಿನ ಪಕ್ಕ ಕಾರುಗಳ ಟೈರು ಬದಲಿಸುವ ಪಿಟ್ಟಿನ ಟೀವಿಯಲ್ಲಿ ನಾನೂ ನೋಡಿದೆ. ರಸ್ತೆ ಇತ್ತು, ತಿರುವು ಇತ್ತು, ಮೇಲೆ ಆಕಾಶವಿತ್ತು. ಪರದೆಯ ಎಡಮೂಲೆಯಲ್ಲಿ, ಮೊಟ್ಟೆಯಾಕಾರದ ಒಂದು ದೊಡ್ಡ ಬಿಳಿ ಮಬ್ಬು ಕೂತಿತ್ತು.

"ಏನೋ ಕೊಳೆ ಹತ್ತಿದೆ, ಸುರುಳಿ ಎಳೀರಿ," ಎಂದರು ಮೇಡಂ. ಎಳೆದರು. ಧೂಳೆಲ್ಲ ಹೋಯಿತು. ಮಬ್ಬು ಹಾಗೇ ಇತ್ತು.

"ಇನ್ನೊಂದ್ಸಲ ಎಳೀರಿ!"

ಎರಡು ಹುಳು ಹೋದವು. ಮಬ್ಬು ಇನ್ನೂ ಸ್ಪಷ್ಟವಾಗಿ, ಅದರೊಳಗಿನ ಗೆರೆಗಳೂ ಕಂಡವು.

ಆಗ ನನ್ನ ಬಲಗೈ ನೋಡಿಕೊಂಡೆ. ಹೆಬ್ಬೆರಳಿನ ತುದಿಯಲ್ಲಿ ಕ್ರೀಮ್ ಇನ್ನೂ ಹೊಳೆಯುತ್ತಿತ್ತು. ಗಡಿಬಿಡಿಯಲ್ಲಿ ಕ್ಯಾಮೆರಾ ನೇರ ಮಾಡುವಾಗ ಗುರುತು ಬಿದ್ದದ್ದು ಸುರುಳಿಯ ಮೇಲಲ್ಲ, ಅದರ ಹಿಂದಿನ ಗಾಜಿನ ಮೇಲೆ. ಅವರು ಎಷ್ಟು ಸಲ ಎಳೆದರೂ ನನ್ನ ಹೆಬ್ಬೆಟ್ಟಿನ ಮುಂದಿನ ಕಿಟಕಿ ಒರೆಸಿ ಕೊಟ್ಟಂತಾಗುತ್ತಿತ್ತು, ಅಷ್ಟೇ.

ಆ ದರಿದ್ರ ಕಾರಾದರೂ ಹಿಂದೆ ಬೀಳಬಾರದೇ? ಇಲ್ಲ. ಅವತ್ತು ಅದಕ್ಕೆ ದೇವರು ಬಂದ ಹಾಗಿತ್ತು. ಒಂದೂವರೆ ಗಂಟೆ ಅದೇ ಮೊದಲು, ಹೀಗಾಗಿ ಪದೇ ಪದೇ ಅದರದೇ ಚಿತ್ರ. ವೀಕ್ಷಕ ವಿವರಣೆಗಾರ, "ಯಾರೋ ಮಹಾನುಭಾವರು ಸಹಿ ಹಾಕಿ ಕಳಿಸಿದ್ದಾರೆ," ಎಂದ. ಪ್ರಪಂಚ ನಕ್ಕಿತು. ಮೇಡಂ ನಗಲಿಲ್ಲ.

"ಯಾರದ್ರೀ ಅದು ಹೆಬ್ಬೆಟ್ಟು?" ಎಂದು ಕಿವಿಯೊಳಗೆ ಗುಡುಗಿದರು.

ಸುಳ್ಳು ಹೇಳಬಹುದಿತ್ತು. ಆದರೆ ಹನ್ನೊಂದು ವರ್ಷ ಗಾಜು ಶುಭ್ರವಾಗಿಟ್ಟವನಿಗೆ ಬಾಯಿ ಬರಲಿಲ್ಲ. "ನಂದೇ ಮೇಡಂ," ಎಂದೆ. ಮುಂದಿನ ಎರಡು ರೇಸುಗಳಿಗೆ ನನ್ನನ್ನು ಕ್ಯಾಮೆರಾದಿಂದ ಎತ್ತಿ ಕೇಬಲ್ ಸುತ್ತಲು ಹಾಕಿದರು. ಮೂರನೆಯದರಲ್ಲಿ ಇನ್ನೊಂದು ತಪ್ಪಾದರೆ ಮನೆಗೇ ಕಳಿಸುವುದಾಗಿ ಹೇಳಿದರು.

ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ಹೆಂಡತಿ ಪಿಸುಗುಟ್ಟಿದಳು. "ರೀ, ನಿಮ್ಮ ಮುಖ ಬರ್ಲೇ ಇಲ್ಲ. ಸರಿಯಾಗಿ ಆವಾಗ್ಲೇ ನಮ್ಮ ಚಾನೆಲ್‌ನವರು ಜಾಹೀರಾತು ಹಾಕಿದ್ರು. ಇಪ್ಪತ್ತು ಜನ ಕೂತು ಸೋಪಿನ ಪುಡಿ ನೋಡಿದ್ವಿ."

ನಾನು ಮೆಲ್ಲಗೆ ಕೇಳಿದೆ, "ಅಮ್ಮ?"

"ಒಳಗೆ ಬನ್ನಿ."

ಒಳಗೆ ಹಾಲ್ ತುಂಬ ಜನ. ಟೀವಿಯಲ್ಲಿ ಅದೇ ರೇಸ್ ಮತ್ತೆ ಓಡುತ್ತಿತ್ತು. ಅಮ್ಮ ಬಟ್ಟೆ ಒಣಹಾಕುವ ಕೋಲು ಹಿಡಿದು ಪರದೆಯ ಎಡಮೂಲೆ ತೋರಿಸುತ್ತಿದ್ದಳು.

"ನೋಡಿ ಮೇಷ್ಟ್ರೇ, ಮಧ್ಯೆ ಓರೆಗೀರು ಇದೆಯಲ್ಲ? ಏಳು ವರ್ಷದವನಿದ್ದಾಗ ಈಳಿಗೆ ಮುಟ್ಟಬೇಡ ಅಂದ್ರೂ ಮುಟ್ಟಿ ಕುಯ್ಕೊಂಡಿದ್ದ. ನಾನೇ ಬಟ್ಟೆ ಕಟ್ಟಿದ್ದು. ನನ್ನ ಮಗನ ಬೆರಳು ನಂಗೆ ಗೊತ್ತಾಗಲ್ವಾ?"

ಮೇಷ್ಟ್ರು ಕನ್ನಡಕ ಸರಿಮಾಡಿ ನನ್ನ ಕೈ ಹಿಡಿದರು. ಹೆಬ್ಬೆರಳು ನೋಡಿದರು, ಪರದೆ ನೋಡಿದರು, ಮತ್ತೆ ಹೆಬ್ಬೆರಳು ನೋಡಿದರು. ಸ್ಕೇಲ್ ತರಿಸಿ ಗೀರಿನ ಓರೆಯನ್ನೂ ಅಳೆದರು.

"ಸಾಧಿಸಿದ್ದಾಯ್ತು," ಎಂದರು ಗಂಭೀರವಾಗಿ. "ಒಪ್ಪಿದೆ ತಾಯಿ. ಮೂರು ಸೆಕೆಂಡ್ ಅಂದಿರಿ, ಒಂದೂವರೆ ಗಂಟೆ ತೋರಿಸಿಬಿಟ್ಟ."

"ಅಮ್ಮಾ, ಅದು ತಪ್ಪಾಗಿ..." ಎಂದು ಬಾಯಿ ತೆರೆದೆ. ಹೆಂಡತಿ ಹಿಂದಿನಿಂದ ಬಲವಾಗಿ ಚಿವುಟಿದಳು.

ಎಲ್ಲರೂ ಹೋದ ಮೇಲೆ ಅಮ್ಮ ನನ್ನ ಹೆಬ್ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. "ಅಷ್ಟು ಜೋರಾಗಿ ಓಡೋ ಕಾರಿನ ಮೇಲೆ ನನ್ನ ಮಗನ ಕೈ ಇತ್ತಲ್ಲೋ," ಎಂದಳು. ಅವಳ ಕಣ್ಣು ತುಂಬಿತ್ತು. ಯಾವ ರೇಸ್ ಗೆದ್ದವನಿಗೂ ಅಂಥ ಬಹುಮಾನ ಸಿಕ್ಕಿರಲಾರದು. ನನಗೂ ಹೆಮ್ಮೆಯಾಯಿತು, ಮುಚ್ಚಿಟ್ಟೇನು ಪ್ರಯೋಜನ?

ಎರಡು ರೇಸ್ ಕೇಬಲ್ ಸುತ್ತಿದೆ. ಮೂರನೆಯದಕ್ಕೆ ಮೇಡಂ ಕ್ಯಾಮೆರಾ ವಾಪಸು ಕೊಟ್ಟರು. ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು, ನನ್ನ ವಿದ್ಯೆಯನ್ನೆಲ್ಲ ಧಾರೆ ಎರೆದು ಗಾಜು ಒರೆಸಿದೆ. ಅವತ್ತಿನ ಚಿತ್ರವನ್ನು ನೀವು ನೋಡಬೇಕಿತ್ತು! ರಸ್ತೆಯ ಒಂದೊಂದು ಕಲ್ಲನ್ನೂ ಎಣಿಸಬಹುದಿತ್ತು. "ಹನ್ನೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಬಂದಿರಲಿಲ್ಲ," ಎಂದು ಸ್ವತಃ ಮೇಡಂ ಎಲ್ಲರ ಕಿವಿಗೂ ಕೇಳುವಂತೆ ಹೊಗಳಿದರು. ನನ್ನ ಹೆಮ್ಮೆಗೆ ಪಾರವೇ ಇಲ್ಲ.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ನಡುಗಿತು. ಅಮ್ಮ. ಹಿಂದೆ ಜನರ ಗುಜುಗುಜು ಕೇಳುತ್ತಿತ್ತು.

"ಏನೋ, ಟೀವಿ ಪೂರ್ತಿ ಖಾಲಿ ಖಾಲಿ ಇದೆ. ಎಲ್ಲೂ ನಿನ್ನ ಹೆಬ್ಬೆಟ್ಟು ಕಾಣ್ತಿಲ್ಲ. ಇಪ್ಪತ್ತು ನಿಮಿಷದಿಂದ ಎಲ್ಲರೂ ಹುಡುಕ್ತಿದ್ದೀವಿ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಿಜ ಹೇಳು ಮಗನೇ, ಕೆಲಸದಿಂದ ತೆಗೆದ್ರಾ? ಮೇಷ್ಟ್ರು ಆಗಲೇ ನಿಂಗೆ ಒಂದು ಗೇಟ್ ಕೆಲಸ ನೋಡ್ತೀನಿ ಅಂತಿದ್ದಾರೆ."