ದೂರುಗಳ ಅಂಕಣದಲ್ಲಿ ಕಾಯಂ ವಾಸವಿರುವ ಸೊನ್ನೆಯವರಿಗೆ

ಚಿಕ್ಕಮಗಳೂರು
ಮಾರ್ಚ್ ೨೦೦೪

ಮಾನ್ಯ ಸೊನ್ನೆಯವರೇ,

ಎಲ್ಲಿಂದ ನೋಡಿದರೂ ದುಂಡಗಿರುವ, ಯಾರಿಗೂ ಎಲ್ಲಿಯೂ ಚುಚ್ಚದ ತಮಗೆ ಸವಿನಯ ನಮಸ್ಕಾರಗಳು. ತಮ್ಮ ಸಮಯ ವ್ಯರ್ಥವಾಗದಿರಲೆಂದು ಸಂಗತಿಗಳನ್ನು ಕ್ರಮವಾಗಿ ನಿವೇದಿಸುತ್ತೇನೆ.

೧. ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನ ವಾರ್ಷಿಕ ವರದಿಯಲ್ಲಿ, ಲೈಂಗಿಕ ದೌರ್ಜನ್ಯದ ದೂರುಗಳೆಷ್ಟು ಎಂಬಲ್ಲಿ ಐದು ವರ್ಷಗಳಿಂದ ತಾವೇ ಇದ್ದೀರಿ.

೨. ಪ್ರತಿ ವರ್ಷವೂ ಪ್ರಶ್ನೆ ಕೇಳಿದವರು ಸೂಪರ್‌ವೈಸರ್ ಓಂಕಾರಮೂರ್ತಿಯವರು. ಕಾಳು ಆರಿಸುವ ಹೆಂಗಸರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, “ಯಾರಿಗಾದ್ರೂ ಏನಾದ್ರೂ ತೊಂದ್ರೆ ಆಗಿದ್ಯೇನ್ರೇ? ಆಗಿದ್ರೆ ಕೈ ಎತ್ತಿ. ಬೇಗ, ಕೆಲ್ಸ ನಿಂತಿದೆ” ಎನ್ನುತ್ತಿದ್ದರು. ಯಾರೂ ಎತ್ತಲಿಲ್ಲ.

೩. ಈ ವರ್ಷ ದೂರು ಸಮಿತಿಗೆ ಹೊರಗಿನ ಸದಸ್ಯೆಯಾಗಿ ಬಂದ ಕಾಲೇಜು ಉಪನ್ಯಾಸಕಿ ಮಾಲವಿಕಾ ಅವರು ನಲವತ್ತು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕರೆದು, ಬಾಗಿಲು ಮುಚ್ಚಿ ಕೇಳಿದರು. ಒಂಬತ್ತು ಮಂದಿ ಹೌದೆಂದರು. ಎಂಟು ಮಂದಿ ಹೆಸರು ಬೇಡವೆಂದರು. ಭಾಗಮ್ಮ ಮಾತ್ರ ತನ್ನ ಹೆಸರನ್ನೂ ಓಂಕಾರಮೂರ್ತಿಯವರ ಹೆಸರನ್ನೂ ಹೇಳಿದಳು.

೪. ವರದಿಯಲ್ಲಿ ತಮ್ಮನ್ನೇ ಪುನಃ ಕೂರಿಸಲು ಮ್ಯಾನೇಜರ್ ರೇಣುಕಪ್ರಸಾದರು ಸಮಿತಿಯ ಸದಸ್ಯನಾದ ನನ್ನ ಸಹಿಯನ್ನು ಬಯಸಿದ್ದಾರೆ. ಸಹಿ ಬಿದ್ದರೆ ಭಾಗಮ್ಮ ಹೇಳಿದ್ದು ಸುಳ್ಳಾಗುತ್ತದೆ. ಸುಳ್ಳು ಹೇಳಿದ್ದಕ್ಕಾಗಿ ಅವಳನ್ನು ಕೆಲಸದಿಂದ ತೆಗೆಯುವ ಆದೇಶ ಆಗಲೇ ಟೈಪಾಗಿದೆ.

ಮ್ಯಾನೇಜರರ ತರ್ಕವನ್ನು ತಾವು ಕೇಳಿ ಆನಂದಿಸಬೇಕು. “ಹೋದ ವರ್ಷ ಸೊನ್ನೆ, ಈ ವರ್ಷ ಒಂಬತ್ತು ಅಂದ್ರೆ ಆ ಮೇಡಂ ಬಂದ್ಮೇಲೇ ಇದೆಲ್ಲ ಶುರುವಾಗಿದ್ದು ಅಂತಾಯ್ತಲ್ಲ, ದಾಮೋದರ್ ಅವ್ರೇ?” ಗೋಡೌನಿನಲ್ಲಿ ಲೈಟು ಹಾಕಿದಾಗ ಹೆಗ್ಗಣ ಕಂಡರೆ, ಹೆಗ್ಗಣವನ್ನು ಹೆತ್ತದ್ದು ಬಲ್ಬು ಎಂಬ ಈ ಸಂಶೋಧನೆಗೆ ತಮ್ಮ ಹೊರತು ಬೇರೆ ಪ್ರೇರಣೆ ಇರಲಾರದು.

ಇದೇ ವರ್ಕ್ಸಿನಲ್ಲಿ ನಾನು ಕಾಫಿಯ ಗುಣಮಟ್ಟ ಪರೀಕ್ಷಕ. ಮೂಡಿಗೆರೆಯಿಂದಾಗಲಿ ಕಳಸದಿಂದಾಗಲಿ ಬರುವ ಯಾವ ಪ್ಲಾಂಟರರೂ ತಾವೇ ಮುಷ್ಟಿಯಲ್ಲಿ ಎತ್ತಿಕೊಟ್ಟ ಕಾಳನ್ನು ನಾವು ಮಾದರಿಯೆಂದು ಒಪ್ಪುವುದಿಲ್ಲ. “ಚೀಲದ ಬಾಯಲ್ಲಿ ಒಳ್ಳೇದೇ ತುಂಬಿರ್ತಾರೆ ಮಾರಾಯ್ರೆ, ನಡುವಿಗೆ ಚುಚ್ಚಿ ತೆಗೀರಿ” ಎಂದು ಸ್ವತಃ ಮ್ಯಾನೇಜರರೇ ಹೇಳುತ್ತಾರೆ. ಕಾಫಿಯ ವಿಷಯದಲ್ಲಿ ಇಷ್ಟು ಜಾಣರಾದ ಇವರು ಹೆಂಗಸರ ವಿಷಯದಲ್ಲಿ ಮಾತ್ರ, ಯಾರ ಮೇಲೆ ದೂರಿದೆಯೋ ಅವರೇ ಅಂಗಳದಿಂದ ಎತ್ತಿ ತಂದ ಮಾದರಿಯನ್ನು ಮೂಸಿಯೂ ನೋಡದೆ ಒಪ್ಪಿಕೊಂಡಿರುವುದು ತಮ್ಮ ವ್ಯಕ್ತಿತ್ವದ ಆಕರ್ಷಣೆಗೆ ಸಾಕ್ಷಿ.

ನಾನು ಒಂಬತ್ತರ ಭಕ್ತನೂ ಅಲ್ಲ. ಅದು ನಡೆದದ್ದರ ಲೆಕ್ಕವಲ್ಲ, ಹೇಳಲು ಧೈರ್ಯ ಬಂದವರ ಲೆಕ್ಕ. ತಾಳಲಾರದೆ ಹಿಂದಿನ ವರ್ಷಗಳಲ್ಲೇ ಕೆಲಸ ಬಿಟ್ಟು ಹೋದವರು ಅದರಲ್ಲಿಲ್ಲ. ನಲವತ್ತು ಮಂದಿಯ ಉತ್ತರದಿಂದ ಇಡೀ ಜಿಲ್ಲೆಯ ಪ್ರಮಾಣವನ್ನು ಹೇಳುವ ದುಡುಕೂ ನನಗಿಲ್ಲ. ಆದರೆ ಒಂಬತ್ತಕ್ಕೆ ತನ್ನ ಮಿತಿಯನ್ನು ಒಪ್ಪಿಕೊಳ್ಳುವ ಸಂಕೋಚವಿದೆ. ತಾವು ಮಾತ್ರ, ಯಾರೂ ಮಾತಾಡಲಿಲ್ಲ ಎಂಬುದನ್ನು ಏನೂ ನಡೆಯಲಿಲ್ಲ ಎಂದು ಘೋಷಿಸಿ, ಅದಕ್ಕಾಗಿ ಕಳೆದ ವರ್ಷ ನಮ್ಮ ಸಂಸ್ಥೆಗೆ ಒಂದು ಪ್ರಶಂಸಾಪತ್ರವನ್ನೂ ದೊರಕಿಸಿಕೊಟ್ಟಿರಿ. ಅದು ಗಾಜು ಹಾಕಿಸಿಕೊಂಡು ಓಂಕಾರಮೂರ್ತಿಯವರ ಕುರ್ಚಿಯ ಹಿಂದೆ ನೇತಾಡುತ್ತಿದೆ.

ಇಂಥ ಸಾಮರ್ಥ್ಯವಂತರಲ್ಲಿ ಕೆಲವು ಪ್ರಾರ್ಥನೆಗಳು. ಕೊಟ್ಟಿಗೆಹಾರದ ಮಳೆಮಾಪಕವನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿಸುತ್ತೇವೆ; ಜುಲೈ ತಿಂಗಳಿನಲ್ಲಿ ತಾವು ಅಲ್ಲಿ ದಯಮಾಡಿಸಿ, ಘಾಟಿಯ ರಸ್ತೆ ಕುಸಿಯದಂತೆ ನೋಡಿಕೊಳ್ಳಬೇಕು. ಡಾಕ್ಟರ ಬಳಿ ಹೋಗದವರ ರಕ್ತದೊತ್ತಡವನ್ನೂ ಅಷ್ಟೇ ಸಲೀಸಾಗಿ ಇಳಿಸಬೇಕು. ಇವೆರಡೂ ಕಷ್ಟವೆಂದಾದರೆ, ಭಾಗಮ್ಮ ಖಾಲಿ ಚೀಲ ತರಲು ಹಿಂದಿನ ಗೋಡೌನಿಗೆ ಹೋಗುವಾಗ, ತಾವು ವರದಿಯಿಂದ ಎದ್ದು ಬಂದು ಅವಳಿಗೂ ಸೂಪರ್‌ವೈಸರರಿಗೂ ನಡುವೆ ಒಮ್ಮೆ ನಿಲ್ಲಬೇಕು. ಐದು ವರ್ಷ ಅವಳ ಪರವಾಗಿ ಉತ್ತರಿಸಿದವರಿಗೆ ಇಷ್ಟು ಹೊರೆಯಾಗಲಾರದು.

ತಮ್ಮ ವಿಶ್ವಾಸಿ, ಆದರೆ ತಮ್ಮನ್ನು ನಂಬಿದವರ ಪಟ್ಟಿಯಲ್ಲಿ ಮಾತ್ರ ಇಲ್ಲದ,
ದಾಮೋದರ
ಗುಣಮಟ್ಟ ಪರೀಕ್ಷಕ

ವಿ.ಸೂ.: ಸಹಿ ಮಾಡದಿದ್ದರೆ ಪರೀಕ್ಷಕನ ಹುದ್ದೆಯೇ ಬೇಡವಾಗಬಹುದೆಂದು ಮ್ಯಾನೇಜರರು ಹೇಳಿಕಳುಹಿಸಿದ್ದಾರೆ. ಆಗ ಪರೀಕ್ಷಕರೆಷ್ಟು ಎಂಬ ಅಂಕಣದಲ್ಲೂ ತಮಗೇ ಜಾಗ ಸಿಗಲಿದೆ, ಮುಂಗಡ ಅಭಿನಂದನೆಗಳು. ನಾನು ಸಹಿ ಹಾಕಿಲ್ಲ. ಒಂಬತ್ತು ಎಂದೂ, ಅದನ್ನು ಹೇಗೆ ಕೇಳಲಾಯಿತೆಂದೂ ಬರೆದು, ಮಾಲವಿಕಾ ಅವರೊಂದಿಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು ಬಂದಿದ್ದೇನೆ. ಭಾಗಮ್ಮನ ದೂರಿನ ವಿಚಾರಣೆಯ ದಿನ ಅವಳ ಪರವಾಗಿ ಸಾಕ್ಷಿ ಹೇಳುತ್ತೇನೆ.