ಒಂದೇ ದೀಪದ ಕಾನೂನು

ಆ ಸೋಮವಾರ ಸಂಜೆ ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ರಾಜಾಜ್ಞೆ ಹೊರಡಿಸಿದಳು.

"ಇವತ್ತಿನಿಂದ ಈ ಮನೇಲಿ ಒಂದು ದೀಪ ಉರೀತಿದ್ರೆ ಇನ್ನೊಂದು ಉರಿಯೋ ಹಾಗಿಲ್ಲ."

ಆಜ್ಞೆಯನ್ನು ಕೇಳಲು ಅಲ್ಲಿದ್ದ ಪ್ರಜೆ ಒಬ್ಬನೇ, ಅವಳ ಗಂಡ. ಅವನು ಸಿನಿಮಾ ಮಂದಿರದಲ್ಲಿ ಟಾರ್ಚು ಹಿಡಿದು, ತಡವಾಗಿ ಬಂದವರಿಗೆ ಕತ್ತಲಲ್ಲಿ ಸೀಟು ತೋರಿಸುವ ಕೆಲಸದವನು.

"ನೀನು ಅಡುಗೆಮನೇಲಿ, ನಾನು ಬಚ್ಚಲಲ್ಲಿ ಇದ್ರೆ?" ಎಂದು ಅವನು ಕೇಳಿದ.

"ನನ್ನ ಅಡುಗೆ ಮುಗಿಯೋ ತನಕ ನೀವು ಬಚ್ಚಲಿಗೆ ಹೋಗಬೇಡಿ."

"ಅವಸರ ಆದ್ರೆ?"

"ಇಡೀ ಊರಿಗೆ ಕತ್ತಲಲ್ಲಿ ದಾರಿ ತೋರಿಸ್ತೀರಿ. ನಿಮ್ಮ ಮನೆ ಬಚ್ಚಲ ದಾರಿ ನಿಮಗೆ ಗೊತ್ತಾಗಲ್ವಾ?"

ಆಜ್ಞೆಯ ಕಾರಣ ಗಂಡನಿಗೂ ಗೊತ್ತಿತ್ತು. ಅವನ ಸಿನಿಮಾ ಮಂದಿರ ಸಂಜೆ ಮತ್ತು ರಾತ್ರಿಯ ಆಟಗಳನ್ನು ನಿಲ್ಲಿಸಿತ್ತು. ಆಟದ ಜೊತೆ ಅವನ ಸಂಬಳದ ಒಂದು ಭಾಗವೂ ನಿಂತಿತ್ತು. ಇದೇ ಸಮಯ ನೋಡಿಕೊಂಡು ಮಹಡಿಯ ಮೇಲಿನ ಮನೆ ಮಾಲೀಕರು ಬಾಡಿಗೆ ಏರಿಸುವ ಮಾತು ತೆಗೆದಿದ್ದರು. ಏರಿಸುತ್ತಲೇ ಉಪಾಯವನ್ನೂ ಹೇಳಿಕೊಟ್ಟಿದ್ದರು: "ಮುಂದಿನ ಕೋಣೆ ಬಾಡಿಗೆಗೆ ಕೊಡಿ. ನನಗೆ ಗೊತ್ತಿರೋ ನರ್ಸ್ ಒಬ್ಬಳು ಕೋಣೆ ಹುಡುಕ್ತಿದ್ದಾಳೆ. ತಿಂಗಳ ಕೊನೆ ತನಕ ಯೋಚನೆ ಮಾಡಿ."

ಯೋಚನೆ ಮಾಡುವುದೇನಿತ್ತು? ಮುಂದಿನ ಕೋಣೆ ಅತ್ತೆಯದು. ಅತ್ತೆ ಟೆಲಿಫೋನ್ ಕಚೇರಿಯಲ್ಲಿ ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು. ಕಿಟಕಿಯೇ ಇಲ್ಲದ ಹಜಾರದಲ್ಲಿ, ಹೆಗಲಿಗೆ ಹೆಗಲು ತಾಗುವ ಹಾಗೆ ಸಾಲು ಹೆಂಗಸರ ನಡುವೆ ಕುಳಿತು, ಕಿವಿಗೆ ಯಂತ್ರ ಹಾಕಿಕೊಂಡೇ ಆಯುಷ್ಯ ಸವೆಸಿದ್ದರು. ಕೇರಿಯವರೆಲ್ಲ ಅವರನ್ನು ಕರೆಯುತ್ತಿದ್ದುದೇ ಟ್ರಂಕಮ್ಮ ಎಂದು. ನಿವೃತ್ತರಾದ ಮೇಲೆ ಅವರಿಗೆಂದು ದಕ್ಕಿದ್ದು ಈ ಒಂದು ಕೋಣೆ, ಅದಕ್ಕೊಂದು ಕಿಟಕಿ.

"ಆ ಕೋಣೆ ನಾನು ಬಿಟ್ಟುಕೊಡಲ್ಲ," ಎಂದು ಸೊಸೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಷ್ಟು ವರ್ಷ ಗಿಜಿಗಿಜಿ ಅಂತ ಜನರ ಮಧ್ಯೆ ಕೂತೋರು. ಈಗಲಾದ್ರೂ ನೆಮ್ಮದಿಯಾಗಿ ಒಬ್ಬರೇ ಇರಲಿ. ಈ ಬಾಡಿಗೆ ವಿಷಯ ಅವರ ಕಿವಿಗೆ ಬೀಳಬಾರದು. ದುಡ್ಡು ನಾನು ಉಳಿಸಿ ತೋರಿಸ್ತೀನಿ. ದೇವರಿದ್ದಾನೆ."

ಸೊಸೆ ಅಂಗಿ ಕಾರ್ಖಾನೆಯಲ್ಲಿ ಗುಂಡಿಯ ಕಾಜಾ ಹೊಲಿಯುವವಳು. ಯಾರಾದರೂ ಮೇಜು ಬಿಟ್ಟೆದ್ದರೆ ಸಾಕು, ಅವರು ನಾಲ್ಕು ಹೆಜ್ಜೆ ಹೋಗುವುದರೊಳಗೆ ಮೇಸ್ತ್ರಿ ಆ ಮೇಜಿನ ದೀಪ ಆರಿಸುತ್ತಿದ್ದ. ಆ ಮೇಸ್ತ್ರಿಯನ್ನು ಎಲ್ಲರ ಜೊತೆ ಸೇರಿ ಶಪಿಸಿದವಳು ಅವಳೇ. ಈಗ ಅವನೇ ಅವಳಿಗೆ ಗುರು.

ಕಾನೂನು ಜಾರಿಗೆ ಬಂತು. ಹೊತ್ತು ಮುಳುಗುವುದರೊಳಗೆ ಅಡುಗೆ, ಊಟ, ಪಾತ್ರೆ ಎಲ್ಲ ಮುಗಿಯಿತು. ಆಮೇಲೆ ಇಡೀ ಮನೆಗೆ ಒಂದೇ ದೀಪ, ಅದೂ ಅತ್ತೆಯ ಕೋಣೆಯಲ್ಲಿ. ಗಂಡ ಹೆಂಡತಿ ಹೋಗಿ ಮಂಚದ ಎದುರಿಗೆ ಚಾಪೆಯ ಮೇಲೆ ಕುಳಿತರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕೇಳಿದರು, "ಯಾರು ಹೋಗಿಬಿಟ್ರು?"

"ಯಾರೂ ಇಲ್ಲ ಅತ್ತೆ. ಸುಮ್ಮನೆ ಕೂತಿದ್ದೀವಿ."

"ಸುಮ್ಮನೆ ಕೂತ್ಕೊಳ್ಳೋರ ಮುಖ ಹೀಗಿರುತ್ತಾ? ಹೇಳಿ, ನನ್ನ ಎದೆ ಗಟ್ಟಿ ಇದೆ."

"ಹೆಚ್ಚು ಬೆಳಕು ಕಣ್ಣಿಗೆ ಒಳ್ಳೇದಲ್ಲವಂತೆ," ಎಂದು ಸೊಸೆ ಅಲ್ಲೇ ಒಂದು ವೈದ್ಯಶಾಸ್ತ್ರ ಸೃಷ್ಟಿಸಿದಳು. "ಅದಕ್ಕೇ ಎಲ್ಲ ಕಡೆ ಆರಿಸಿದ್ದೀನಿ."

ಅತ್ತೆ ಅವಳನ್ನೇ ಒಂದು ಗಳಿಗೆ ನೋಡಿದರು. ಮತ್ತೆ ಏನೂ ಕೇಳಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಯಾರಿಗೂ ಹೇಳದವನು ದೇವರೊಬ್ಬನೇ ಎನ್ನುತ್ತಾರೆ. ಅವನ ಪಕ್ಕದ ಕುರ್ಚಿಯಲ್ಲಿ ಕೂರಿಸಬಹುದಾದವರು ಈ ಅತ್ತೆ. ಸೊಸೆ ಮನೆಗೆ ಬಂದಂದಿನಿಂದ ಅವರು ಕಚೇರಿಯ ಒಂದು ಮಾತನ್ನೂ ಆಡಿದ್ದಿಲ್ಲ. ಆದರೆ ಅಂದು ಮಾಡಲು ಬೇರೆ ಕೆಲಸವಿರಲಿಲ್ಲ, ಎದುರಿಗೆ ಎರಡು ಜೊತೆ ಕಿವಿ ಖಾಲಿ ಕುಳಿತಿದ್ದವು.

"ಹೆಸರು ಹೇಳಲ್ಲ, ಊರು ಹೇಳಲ್ಲ," ಎಂದು ಶುರು ಮಾಡಿದರು. "ಒಬ್ಬ ಹುಡುಗ ಪ್ರತಿ ಶನಿವಾರ ಬೇರೆ ಊರಿನ ಬಟ್ಟೆ ಅಂಗಡಿಗೆ ಕಾಲ್ ಬುಕ್ ಮಾಡ್ತಿದ್ದ. ಅಂಗಡಿಯವನ ಮಗಳು ಎತ್ತೋಳು. ಇವನು ಕೇಳೋನು, ನೀಲಿ ಬಟ್ಟೆ ಬಂದಿದೆಯಾ ಅಂತ. ಅವಳು ಇಲ್ಲ ಅನ್ನೋಳು. ಆಮೇಲೆ ಇಬ್ಬರೂ ಮಾತಾಡದೆ ಉಸಿರು ಕೇಳಿಸ್ಕೊಂಡು ಇರೋರು. ಅದಕ್ಕೆ ಅಷ್ಟು ದುಡ್ಡು. ಹೀಗೇ ವರ್ಷ ಆಯ್ತು. ಒಂದು ಶನಿವಾರ ಅವಳು ನಿಧಾನಕ್ಕೆ ಹೇಳಿದಳು, ನೀಲಿ ಬಟ್ಟೆ ಬಂದಿದೆ. ಇವನ ಉಸಿರೇ ನಿಂತುಹೋಯ್ತು. ಅಷ್ಟರಲ್ಲಿ ಆ ಕಡೆ ಅವಳ ಅಪ್ಪ ಫೋನ್ ಕಿತ್ಕೊಂಡು, ಯಾವನಯ್ಯಾ ನೀನು ಅಂದ."

ಅತ್ತೆ ಹೊದಿಕೆ ಎಳೆದುಕೊಂಡು ಮಲಗಿಬಿಟ್ಟರು.

"ಆಮೇಲೆ?" ಎಂದರು ಇಬ್ಬರೂ.

"ಮೂರು ನಿಮಿಷ ಆಯ್ತು. ಮೂರು ನಿಮಿಷ ಆದ್ರೆ ಲೈನ್ ಕಟ್. ಮುಂದಿಂದು ಬೇಕಾದ್ರೆ ನಾಳೆ ಬುಕ್ ಮಾಡಿ."

ಟ್ರಂಕ್ ಕಾಲಿನ ಪದ್ಧತಿಯೇ ಹಾಗಂತೆ. ನೌಕರಿ ಮುಗಿದರೂ ಕೈಯ ಅಭ್ಯಾಸ ಮುಗಿದಿರಲಿಲ್ಲ. ಗಂಡ ಆ ರಾತ್ರಿ ಮೂರು ಸಲ ಎದ್ದು ಕುಳಿತು, "ಅಪ್ಪನಿಗೆ ಏನು ಹೇಳಿರಬಹುದು ಅವನು?" ಎಂದು ಕೇಳಿದ.

ಮರುದಿನ ಪಕ್ಕದ ಮನೆಯ ಇಸ್ತ್ರಿಯವಳು ಬಟ್ಟೆ ಕೊಡಲು ಬಂದಳು. ಅತ್ತೆಯ ಕರೆಯ ಕತೆಯನ್ನು ಬಾಗಿಲಲ್ಲೇ ನಿಂತು ಕಾಲುಭಾಗ ಕೇಳಿದಳು, ಒಳಗೆ ಬಂದು ಲೈನ್ ಕಟ್ಟಾಗುವ ತನಕ ಕೇಳಿದಳು. ಕುಳಿತವಳಿಗೆ ಬರಿಗೈ ತೋರಿಸಲಾದೀತೇ? ಸೊಸೆ ಒಂದು ಲೋಟ ಚಹಾ ಕೊಟ್ಟಳು. ಅದೇ ಅವಳು ಮಾಡಿದ ತಪ್ಪು. ಮಾರನೆಯ ದಿನ ಇಸ್ತ್ರಿಯವಳು ತನ್ನ ಗಂಡನನ್ನೂ ಕರೆತಂದಳು, ತಮ್ಮ ಮನೆಯ ದೀಪ ಆರಿಸಿ ಬೀಗ ಹಾಕಿಕೊಂಡು.

"ನಮ್ಮನೇಲೂ ಕರೆಂಟ್ ಉಳೀತು ನೋಡಿ," ಎಂದು ಖುಷಿಯಿಂದ ಹೇಳಿದಳು. "ನಿಮ್ಮಿಂದ ಪುಣ್ಯ."

ಪುಣ್ಯ ಬೇಗ ಹರಡಿತು. ಹಿಂದಿನ ಮನೆಯ ದರ್ಜಿ ಬಂದ, ಅವನ ತಾಯಿ ಬಂದರು, ಬೀದಿ ಕೊನೆಯ ಔಷಧಿ ಅಂಗಡಿಯವನು ಅಂಗಡಿ ಬೇಗ ಮುಚ್ಚಿ ಬಂದ. ಎಲ್ಲರೂ ತಮ್ಮ ತಮ್ಮ ದೀಪ ಆರಿಸಿ, ತಮ್ಮ ತಮ್ಮ ಫ್ಯಾನು ನಿಲ್ಲಿಸಿ, ಸೊಸೆಯ ಫ್ಯಾನಿನ ಕೆಳಗೆ ಕೂತು, ಸೊಸೆಯ ಚಹಾ ಕುಡಿದರು. ಅತ್ತೆ ಒಂದು ಸಂಜೆಗೆ ನಾಲ್ಕಾರು ಕರೆ ಜೋಡಿಸುತ್ತಿದ್ದರು. ಒಂದನ್ನೂ ಪೂರ್ತಿ ಮಾಡುತ್ತಿರಲಿಲ್ಲ. ಹಾಗಾಗಿ ಯಾರೂ ಬರುವುದನ್ನು ಬಿಡುವಂತಿರಲಿಲ್ಲ.

ಒಂದು ದಿನ ಅತ್ತೆ ಕಣ್ಣು ಉಜ್ಜಿಕೊಂಡು, "ಈ ಒಂದು ದೀಪಾನೂ ಆರಿಸಮ್ಮ. ಬೆಳಕಿದ್ರೆ ನನಗೆ ದನಿಗಳು ನೆನಪಾಗಲ್ಲ," ಎಂದರು.

ಸೊಸೆ ಒಂದೇ ನೆಗೆತಕ್ಕೆ ಹೋಗಿ ಸ್ವಿಚ್ಚು ಆರಿಸಿದಳು. ಒಂದೂ ದೀಪವಿಲ್ಲದ ಮನೆ! ಕಾರ್ಖಾನೆಯ ಮೇಸ್ತ್ರಿಯೂ ಕನಸು ಕಾಣದ ಎತ್ತರವನ್ನು ಅವಳು ಮುಟ್ಟಿದ್ದಳು.

ಆದರೆ ಕತ್ತಲಲ್ಲಿ ದರ್ಜಿ ಔಷಧಿ ಅಂಗಡಿಯವನ ಕಾಲು ತುಳಿದ. ಅವನು ಹಾರಿ ಸ್ಟೂಲಿನ ಮೇಲೆ ಬಿದ್ದ. ಸ್ಟೂಲಿನ ಕಾಲು ಮುರಿಯಿತು. ಗಂಡನ ಒಳಗಿದ್ದ ಕೆಲಸಗಾರ ಎದ್ದು ನಿಂತ. ಟಾರ್ಚು ತೆಗೆದುಕೊಂಡು ಬಾಗಿಲಲ್ಲಿ ನಿಂತು, ಬಂದವರ ಕಾಲಬುಡಕ್ಕೆ ಬೆಳಕು ಬಿಟ್ಟು, ಪಿಸುದನಿಯಲ್ಲಿ ಶುರು ಮಾಡಿದ: "ಹೊಸ್ತಿಲು ಇದೆ, ನೋಡ್ಕೊಂಡು. ಎಡಗಡೆ ಮೂರನೇದು. ತಲೆ ಸ್ವಲ್ಪ ಬಗ್ಗಿಸಿ, ಹಿಂದಿನೋರಿಗೆ ಅಡ್ಡ ಬರುತ್ತೆ."

"ಕತ್ತಲಲ್ಲಿ ಯಾರ ತಲೆ ಯಾರಿಗೆ ಅಡ್ಡ ಬರುತ್ತೆ?" ಎಂದು ಸೊಸೆ ಸಿಡುಕಿದಳು. "ಆ ಸೆಲ್ಲಿಗೆ ದುಡ್ಡು ಯಾರು ಕೊಡ್ತಾರೆ?"

"ಶ್," ಎಂದಿತು ಕತ್ತಲೆ.

ಮಹಡಿಯ ಮೇಲಿನ ಮಾಲೀಕರ ಹೆಂಡತಿಯೂ ಬರತೊಡಗಿದರು. ಒಂದು ಸಂಜೆ ಮಾಲೀಕರು ಹೊರಗಿನಿಂದ ಬಂದು ನೋಡಿದರೆ ಕೆಳಗೆ ಕತ್ತಲು, ಮೇಲೆ ಕತ್ತಲು, ಅಕ್ಕಪಕ್ಕ ಕತ್ತಲು. ತಂತಿಯೇ ಸುಟ್ಟಿದೆ ಎಂದು ಅವರು ಓಡಿಹೋಗಿ ಎಲೆಕ್ಟ್ರಿಷಿಯನ್ನನ್ನು ಕರೆತಂದರು. ಅವನು ಹೊರಗಿನ ಪೆಟ್ಟಿಗೆ ತೆರೆದು ಫ್ಯೂಸು ಕಿತ್ತ. ಒಳಗೆ ಫ್ಯಾನು ನಿಂತಿತು. ಯಾರೋ ಧರ್ಮಾತ್ಮರು ಅದನ್ನೂ ಆರಿಸಿದರೆಂದು ಸೊಸೆ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು. ಫ್ಯೂಸಿನಲ್ಲಿ ದೋಷವೇನೂ ಕಾಣದೆ ಎಲೆಕ್ಟ್ರಿಷಿಯನ್ ವಿಚಾರಿಸಲು ಒಳಗೆ ಬಂದ.

"ಕರೆಂಟ್ ಯಾವಾಗ ಹೋಯ್ತು?"

"ಶ್."

"ಬಲಗಡೆ ಗೋಡೆ ಪಕ್ಕ ಖಾಲಿ ಇದೆ," ಎಂದು ಗಂಡ ಟಾರ್ಚು ತೋರಿಸಿದ. ಎಲೆಕ್ಟ್ರಿಷಿಯನ್ ಫ್ಯೂಸು ಕೈಯಲ್ಲೇ ಹಿಡಿದು ಕುಳಿತುಬಿಟ್ಟ.

ಹೊರಗೆ ಅವನ ಏಣಿ ಹಿಡಿದು ನಿಂತು ನಿಂತು ಸೋತ ಮಾಲೀಕರು ಗುಡುಗುತ್ತಾ ಬಂದರು. "ಏನು ನಡೀತಿದೆ ಇಲ್ಲಿ? ನನ್ನ ಮನೆ ಕತ್ತಲಲ್ಲಿದೆ, ಯಾರಿಗಾದ್ರೂ ಪ್ರಜ್ಞೆ ಇದೆಯಾ?"

ಕತ್ತಲೊಳಗಿಂದ ಅವರ ಹೆಂಡತಿಯ ದನಿಯೇ ಬಂತು: "ನಮ್ಮದು ನಾನೇ ಆರಿಸಿ ಬಂದೆ. ಕೂತ್ಕೊಳ್ಳಿ. ಇಲ್ಲಿ ಒಬ್ಬಳಿಗೆ ರಾಂಗ್ ನಂಬರ್ ಬಂದಿದೆ, ದನಿ ಮಾತ್ರ ಸತ್ತುಹೋದ ಅಣ್ಣನದೇ."

ಮಾಲೀಕರು ಕುಳಿತರು. ಆದರೆ ಕರೆ ಕಟ್ಟಾದ ಮೇಲೆ ಎದ್ದು, ಎಲೆಕ್ಟ್ರಿಷಿಯನ್ನಿನ ಕೂಲಿಯನ್ನು ಕತ್ತಲೆ ಮಾಡಿದವರೇ ಕೊಡಬೇಕೆಂದು ತೀರ್ಪಿತ್ತರು. ಎಲೆಕ್ಟ್ರಿಷಿಯನ್ನೂ ಚಹಾ ಮುಗಿಸಿ, "ಕತ್ತಲಾದ ಮೇಲೆ ಬಂದ್ರೆ ಒಂದೂವರೆ ಪಟ್ಟು," ಎಂದ.

ತಿಂಗಳು ಮುಗಿಯಿತು. ಕರೆಂಟು ಬಿಲ್ಲು ನಿಜಕ್ಕೂ ಇಳಿದಿತ್ತು. ಸೊಸೆ ಅದನ್ನು ಗಂಡನ ಮೂಗಿನ ಮುಂದೆ ಹಿಡಿದಳು. "ನೋಡಿ. ನಾನು ಹೇಳಿರಲಿಲ್ವಾ?"

"ನೋಡಿದೆ. ಹಾಲಿನವನದ್ದು?"

ಸೊಸೆ ಬಿಲ್ಲನ್ನು ಮಡಿಸತೊಡಗಿದಳು.

"ಸಕ್ಕರೆ? ಚಹಾ ಪುಡಿ? ಟಾರ್ಚಿನ ಸೆಲ್ಲು? ಸ್ಟೂಲು ಬೇರೆ."

"ಎಲೆಕ್ಟ್ರಿಷಿಯನ್ನು ಬಿಟ್ರಿ," ಎಂದು ಅವಳೇ ಸಣ್ಣ ದನಿಯಲ್ಲಿ ನೆನಪಿಸಿದಳು.

ಕರೆಂಟಿನಲ್ಲಿ ಉಳಿದದ್ದೆಲ್ಲ ಕೊಚ್ಚಿಕೊಂಡು ಹೋಗಿತ್ತು. ಹಳೆಯ ಬಾಡಿಗೆಗೇ ದುಡ್ಡು ಸಾಲುತ್ತಿರಲಿಲ್ಲ, ಇನ್ನು ಹೊಸ ಬಾಡಿಗೆಯ ಮಾತೆಲ್ಲಿ? ನಾಳೆಯಿಂದ ಚಹಾ ಬಂದ್ ಮಾಡುವುದೆಂದು ಹಟ ತೊಟ್ಟಳು. ಚಹಾ ನಿಲ್ಲಿಸಲು ಇನ್ನು ನಾಳೆಗಳೇ ಇಲ್ಲವೆಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಮಾಲೀಕರು ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದರು, "ನರ್ಸ್ ಇವತ್ತು ಸಂಜೆ ಬಂದು ಕೋಣೆ ವಿಷಯ ಮಾತಾಡ್ತಾಳೆ."

ಆ ಸಂಜೆಯೂ ಜನ ಸೇರಿದರು. ಸೊಸೆ ಕತ್ತಲಲ್ಲಿ ಮಂಚದ ಪಕ್ಕ ಹೋಗಿ ನಿಂತಳು.

"ಇವತ್ತು ಕತೆ ಇಲ್ಲ," ಎಂದಳು. "ಅತ್ತೆ, ನಿಮಗೆ ಒಂದು ವಿಷಯ ಹೇಳಬೇಕು. ಈ ಕೋಣೆ ಬಾಡಿಗೆಗೆ ಕೊಡಬೇಕಾಗಿದೆ. ನಾನು ಏನೇನೋ ಮಾಡಿದೆ, ನನ್ನ ಕೈಲಿ ಆಗಲಿಲ್ಲ."

"ಅದು ನೀನು ಪಿಸುಗುಟ್ಟಿದ ದಿನವೇ ಕೇಳಿಸಿತು," ಎಂದರು ಅತ್ತೆ. "ಸಾವಿರಾರು ಮೈಲಿ ಆಚೆ ನಿಟ್ಟುಸಿರು ಬಿಟ್ರೆ ಕೇಳ್ತಿದ್ದ ಕಿವಿ ಇದು. ಅಡುಗೆಮನೆ ಎಷ್ಟು ದೂರ? ಮಾಲೀಕರು ಹೋಗ್ತಿರುವಾಗ ಕಿಟಕಿಯಿಂದ ಕೂಗಿ ಕರೆದು, ಆ ನರ್ಸಮ್ಮನ್ನ ಕಳಿಸಿ ಅಂತ ನಾನೇ ಹೇಳಿದೆ."

"ನಿಮ್ಮ ಕೋಣೆ ಅತ್ತೆ. ನಿಮಗೆ ಅಂತಲೇ ಒಂದು..."

"ಒಬ್ಬಳೇ ಇರೋ ಕೋಣೆ ಬೇಕು ಅಂತ ನಾನು ಯಾವತ್ತು ಕೇಳಿದೆ? ಆ ಬೆಂಚಿನ ಮೇಲೆ ಆಚೀಚೆ ಹೆಗಲು ತಾಗಿಸ್ಕೊಂಡು ಕೂತಿದ್ದೋಳು. ನಿವೃತ್ತಿ ಆದ ಮೇಲೆ ನೀವು ಒಳ್ಳೆ ಮನಸ್ಸಿಂದ ಈ ಕೋಣೆ ಕೊಟ್ಟು, ಬಾಗಿಲು ಮುಂದಕ್ಕೆ ಎಳೆದು, ಅಮ್ಮ ಆರಾಮಾಗಿರಲಿ ಅಂದ್ರಿ. ಆರಾಮಾಗಿ ಗೋಡೆ ಜೊತೆ ಮಾತಾಡ್ಕೊಂಡಿದ್ದೆ. ನೀನು ದೀಪ ಆರಿಸಿದ ಮೇಲೆ ತಾನೇ ನನ್ನ ಹತ್ತಿರ ಜನ ಬಂದದ್ದು?"

ಸೊಸೆ ಸೆರಗಿಗೆ ಕಣ್ಣೊರೆಸಿಕೊಂಡಳು. ಕತ್ತಲು ಎಷ್ಟು ಉಪಕಾರಿ ಎಂದು ಅವಳಿಗೆ ತಿಳಿದದ್ದು ಆಗಲೇ.

"ಹಾಗಾದ್ರೆ ನರ್ಸ್ ಬರಲಿ, ಕೋಣೆ ನೋಡಲಿ," ಎಂದಳು.

"ಬಂದಿದ್ದೀನಿ," ಎಂದಿತು ಹಿಂದಿನ ಮೂಲೆಯಿಂದ ಒಂದು ಹೆಣ್ಣುದನಿ. "ಮೊದಲನೇ ವಾರದಿಂದ ಬರ್ತಾ ಇದ್ದೀನಿ. ಕೋಣೆ ನೋಡಕ್ಕೆ ಅಂತಲೇ ಬಂದೆ, ಯಾರೋ ಟಾರ್ಚ್ ಬಿಟ್ಟು ಇಲ್ಲಿ ಕೂರಿಸಿದ್ರು. ಕತ್ತಲಲ್ಲಿ ಕೋಣೆ ಕಾಣಿಸಲಿಲ್ಲ, ಅಮ್ಮ ಕೇಳಿಸಿದ್ರು. ಡ್ಯೂಟಿ ಇಲ್ಲದ ಸಂಜೆ ಒಂದೂ ತಪ್ಪಿಸಿಲ್ಲ."

ಸೊಸೆ ತಿರುಗಿ ಗಂಡ ಇರಬಹುದಾದ ಕಡೆಗೆ ದುರುಗುಟ್ಟಿ ನೋಡಿದಳು. "ಯಾರು ಬಂದ್ರು ಅಂತ ಮುಖ ನೋಡಬಾರದಾ ನೀವು?"

"ಮುಖಕ್ಕೆ ಟಾರ್ಚ್ ಬಿಡಬಾರದು, ನಮ್ಮ ಕೆಲಸದಲ್ಲಿ ಅದು ದೊಡ್ಡ ತಪ್ಪು," ಎಂದ ಗಂಡ.

"ನಾನು ಕೋಣೆ ತಗೋತೀನಿ," ಎಂದಳು ನರ್ಸ್. "ಅಮ್ಮನ ಮಂಚ ಇಲ್ಲೇ ಇರಬೇಕು, ನನ್ನದು ಪಕ್ಕದಲ್ಲಿ. ಅಮ್ಮ ಬೇರೆ ಕಡೆ ಹೋದ್ರೆ ನನಗೆ ಕೋಣೆ ಬೇಡ. ಮುಂಗಡ ತಂದಿದ್ದೀನಿ."

ಸೊಸೆ ಗೋಡೆ ತಡವಿ ಸ್ವಿಚ್ಚು ಒತ್ತಿದಳು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು. ಮೂಲೆಯಲ್ಲಿ ದುಂಡುಮುಖದ ನಡುವಯಸ್ಸಿನ ಹೆಂಗಸೊಬ್ಬಳು, ಮೊಣಕಾಲ ಮೇಲೆ ಸೊಸೆಯದೇ ಚಹಾ ಲೋಟ ಇಟ್ಟುಕೊಂಡು ಕುಳಿತಿದ್ದಳು. ಇಡೀ ತಿಂಗಳು ತನ್ನ ಹಾಲು ಸಕ್ಕರೆ ಕುಡಿದವಳ ಮುಖವನ್ನು ಸೊಸೆ ಆಗಲೇ ಮೊದಲ ಸಲ ಕಂಡದ್ದು.

ನರ್ಸ್ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. ಕಾಯಿಲೆಯವರಿಗೆ ಪಥ್ಯ ಹೇಳುವ ಮೆತ್ತನೆಯ ದನಿಯಲ್ಲಿ ಹೇಳಿದಳು:

"ನಾಳೆಯಿಂದ ನಾನೂ ಮನೆಯವಳೇ, ಅದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಂದವರಿಗೆಲ್ಲ ದಿನಾ ಇಷ್ಟಿಷ್ಟು ಚಹಾ ಕೊಡೋದಾ? ಅಮ್ಮ ಪಾಪ ಬಾಯಿ ಬಿಟ್ಟು ಹೇಳಲ್ಲ. ಸಂಸಾರ ಅಂದ ಮೇಲೆ ಸ್ವಲ್ಪ ಕೈ ಹಿಡಿದು ಖರ್ಚು ಮಾಡೋದು ಕಲೀಬೇಕು, ತಾಯಿ."